ಕೊರಳಿಂದ ಕಳಚಿದ ಕರಡಿಗೆ

ಚಿತ್ತಾಪುರ
೨೬ ಫೆಬ್ರವರಿ ೧೯೫೪

ಶ್ರೀ ದೇವೀಂದ್ರಪ್ಪನವರಿಗೆ,
ವ್ಯವಸ್ಥಾಪಕರು, ಕಾಗಿಣಾ ವಸತಿಗೃಹ, ನಾಂಪಲ್ಲಿ, ಹೈದರಾಬಾದ

ಶರಣು.

ಇದೇ ಫೆಬ್ರವರಿ ಇಪ್ಪತ್ತೆರಡರ ಸೋಮವಾರ ಮಧ್ಯಾಹ್ನ, ನಿಮ್ಮ ವಸತಿಗೃಹದ ಊಟದ ಪಂಕ್ತಿಯಲ್ಲಿ, ಎಲ್ಲರ ಕಣ್ಣೆದುರು, ದಂಡೋತಿಯ ಅಂಬಿಗ ಅಂಬರಾಯನ ಕೊರಳಿಂದ ಬೆಳ್ಳಿಯ ಕರಡಿಗೆಯನ್ನು ಕಳಚಿಕೊಳ್ಳಲಾಯಿತು. ಕಳಚಿದವರು ನೀವು. ಹರಿಗೋಲು ನಡೆಸುವವನ ಕೊರಳಿಗೆ ಬೆಳ್ಳಿ ಹೇಗೆ ಬಂತು ಎಂಬುದು ನಿಮ್ಮ ಪ್ರಶ್ನೆ. ಒಳಗಿದ್ದ ಇಷ್ಟಲಿಂಗದ ಸಮೇತ ಅದನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿರಿ. ಅವನ ಚಾಪೆ, ಗಂಟು ಎರಡನ್ನೂ ಹೊರಗಿಟ್ಟಿರಿ. ಹೀಗೆ ಆಗಿದೆಯೋ ಇಲ್ಲವೋ?

ಅವನು ಶಹರಕ್ಕೆ ಬಂದದ್ದು ಮೋಜಿಗಲ್ಲ. ಹೆಂಡತಿ ಅಂಬುಬಾಯಿಗೆ ಹೊಟ್ಟೆಯಲ್ಲಿ ಗಡ್ಡೆ. ಸರಕಾರಿ ದವಾಖಾನೆಯಲ್ಲಿ ಆಪರೇಷನ್ ಆಗಿದೆ. ಅವಳು ಅಲ್ಲಿ ಮಂಚದ ಮೇಲೆ, ಇವನು ನಿಮ್ಮ ಪಡಸಾಲೆಯ ಚಾಪೆಯ ಮೇಲೆ. ಎರಡಾಣೆಗೆ ಚಾಪೆ, ಒಂದು ಹೊತ್ತು ಪ್ರಸಾದ. ಅಂಥ ಊರಿನಲ್ಲಿ ಬಡವನಿಗೆ ಅದಕ್ಕಿಂತ ಅಗ್ಗದ ನೆರಳಿಲ್ಲ. ಈಗ ಅದೂ ಇಲ್ಲ.

ನನಗೆ ಹೇಗೆ ಗೊತ್ತಾಯಿತು ಎಂದು ಹುಡುಕುತ್ತ ಕೂರಬೇಡಿ, ನಾನೇ ಹೇಳುತ್ತೇನೆ. ನಿಮ್ಮ ಹಿಂದಿನ ಗಲ್ಲಿಯಲ್ಲಿ ಹಗ್ಗದ ಮಂಚ ಬಾಡಿಗೆಗೆ ಕೊಡುವ ವಾಡಿಯ ಅಬ್ದುಲ್ ಸಲಾಂ ಊರಿಗೆ ಬರುವಾಗ ಇಲ್ಲಿಯೇ ರೈಲು ಇಳಿದು ನನ್ನ ವಾಚನಾಲಯಕ್ಕೆ ಬಂದಿದ್ದ. ಅವನ ಮಾತು ಇದ್ದಂತೆಯೇ ಬರೆಯುತ್ತೇನೆ: “ಅಪ್ಪಾರ, ನಿಮ್ಮ ಮಂದಿ ನಿಮ್ಮಾಂವನ್ನೇ ಹೊರಗ ಹಾಕ್ಯಾರ. ನನ್ನ ಕಡಿ ಒಂದು ಮಂಚ ಖಾಲಿ ಇತ್ತು, ಬಾ ಅಂದೆ. ಮಲಗತಾನ, ಖರೆ ಉಣ್ಣಂಗಿಲ್ಲ. ನನ್ನ ಕೈದು ಒಲ್ಲ ಅಂತಾನೇನೋ ಅಂತ ಲಿಂಗಾಯತ ಖಾನಾವಳಿಯಿಂದ ರೊಟ್ಟಿ ತರಿಸಿದೆ. ಅದೂ ಮುಟ್ಟಲಿಲ್ಲ.”

ಲಿಂಗ ಕೈಗೆ ಬರುವ ತನಕ ಅವನು ಉಣ್ಣುವುದಿಲ್ಲ. ಪೂಜೆ ಇಲ್ಲದವರಿಗೆ ಪ್ರಸಾದವಿಲ್ಲ ಎಂದು ನಿಮ್ಮ ಬಾಗಿಲಿಗೆ ಹಲಗೆ ಹಾಕಿದ್ದೀರಲ್ಲ, ಆ ನಿಯಮವನ್ನು ನಿಮಗಿಂತ ಗಟ್ಟಿಯಾಗಿ ಹಿಡಿದವನು ಅವನೊಬ್ಬನೇ ಎಂದು ಕಾಣುತ್ತದೆ.

ಮರುಟಪಾಲಿಗೆ ಉತ್ತರ ಬೇಕು. ಆ ಬೆಳ್ಳಿ ಈಗಲೂ ಪೆಟ್ಟಿಗೆಯಲ್ಲಿಯೇ ಇದೆಯೇ ಎಂಬುದನ್ನೂ ಬರೆಯಿರಿ.

ಮಡಿವಾಳಯ್ಯ


ಹೈದರಾಬಾದ
೨ ಮಾರ್ಚ್ ೧೯೫೪

ಪೂಜ್ಯ ಮಡಿವಾಳಯ್ಯನವರಿಗೆ ಶರಣು ಶರಣಾರ್ಥಿ.

ನಿಮ್ಮ ವಾಚನಾಲಯದ ಅಟ್ಟದ ಮೇಲೆ ಕೂತು ಕನ್ನಡ ಅಕ್ಷರ ಕಲಿತವನು ನಾನು. ಅದಕ್ಕಾಗಿ ಇಂಥ ಪತ್ರಕ್ಕೂ ಉತ್ತರ ಬರೆಯುತ್ತಿದ್ದೇನೆ. ಕೊನೆಯ ಸಾಲಿನಲ್ಲಿ ನೀವು ನನ್ನನ್ನೇ ಕಳ್ಳನೆಂದಿರಿ. ಬೆಳ್ಳಿ ಪೆಟ್ಟಿಗೆಯಲ್ಲಿದೆ.

ಆದದ್ದು ಇಷ್ಟು. ಪಂಕ್ತಿಗೆ ಮೊದಲು ಎಲ್ಲರೂ ಲಿಂಗಪೂಜೆಗೆ ಕೂತಿದ್ದರು. ಅಂದು ಪ್ರಸಾದಕ್ಕೆ ಬಂದಿದ್ದ ಗೌರವಸ್ಥರೊಬ್ಬರು ಪೂಜೆ ಮುಗಿಸಿ ಕರಡಿಗೆ ಕಟ್ಟಿಕೊಳ್ಳುತ್ತಿದ್ದ ಅಂಬರಾಯನ ಕೈಯನ್ನೇ ನೋಡುತ್ತಿದ್ದರು. ಕರಡಿಗೆಯ ಮುಚ್ಚಳದ ಮೇಲೆ ಬಿಲ್ವದಳದ ಕೆತ್ತನೆ, ಅದರ ಒಂದು ಎಸಳು ನೆಗ್ಗಿದೆ. “ದೇವೀಂದ್ರಪ್ಪ, ಅದು ನಮ್ಮ ಮನೀದು” ಎಂದರು. ನಾನು ಅಂಬರಾಯನನ್ನು ಕೇಳಿದೆ.

“ಇದು ಎಲ್ಲಿಂದ ತಂದಿ?”

“ಕೊಟ್ಟಾರ್ರೀ.”

“ಯಾರು?”

“ಕೊಟ್ಟವರು.”

“ಅವರಿಗಿ ಹೆಸರಿಲ್ಲೇನು?”

“ಅದರಿ. ನನ್ನ ಬಾಯಾಗಿಂದ ಬರಂಗಿಲ್ಲ.”

ನೀವಾದರೆ ಏನು ಮಾಡುತ್ತಿದ್ದಿರಿ? ನಾನು ಪೊಲೀಸರನ್ನು ಕರೆಯಲಿಲ್ಲ. ಅದನ್ನು ದಯೆ ಎಂದು ತಿಳಿಯಿರಿ. ಈ ಮನೆಯಲ್ಲಿ ತಿಂಗಳಿಗೊಮ್ಮೆ ಏನಾದರೂ ಹೋಗುತ್ತದೆ. ತಂಬಿಗೆ, ಕೊಡೆ, ಒಮ್ಮೆ ಒಬ್ಬ ವಕೀಲರ ಕರೀ ಕೋಟು. ಪಾಪ, ಅಂದು ಅವರು ಪಕ್ಕದವರ ಕೋಟು ಎರವಲು ಪಡೆದು ಕೋರ್ಟಿಗೆ ಹೋದರು. ಜನ ಗಂಟನ್ನು ತಲೆಯ ಕೆಳಗಿಟ್ಟು, ಚಪ್ಪಲಿಯನ್ನು ಗಂಟಿನ ಕೆಳಗಿಟ್ಟು ಮಲಗುತ್ತಾರೆ. ಚಿತ್ತಾಪುರದಲ್ಲಿ ಕೂತವರಿಗೆ ಇದು ಕಾಣುವುದಿಲ್ಲ.

ಅಬ್ದುಲ್ ಸಲಾಂ ನಮ್ಮ ಗಿರಾಕಿಗಳನ್ನು ಒಡೆಯಲು ಕಾದಿರುವ ಮನುಷ್ಯ. ನಾಲ್ವತ್ತೆಂಟರಲ್ಲಿ ರಜಾಕಾರರ ಕೈಯಲ್ಲಿ ಅಷ್ಟೆಲ್ಲ ಕಂಡ ನೀವು ಅವನ ಮಾತನ್ನು ವೇದವಾಕ್ಯದಂತೆ ಬರೆದು ಕಳಿಸುತ್ತೀರಿ ಎಂದರೆ ಆಶ್ಚರ್ಯ. ಹೋದ ವರ್ಷ ನಿಮ್ಮನ್ನು ವಸತಿಗೃಹದ ಕಮಿಟಿಗೆ ತೆಗೆದುಕೊಳ್ಳಲಿಲ್ಲ ಎಂಬ ಬೇಸರ ಇನ್ನೂ ಇದ್ದರೆ ಅದನ್ನು ನೇರವಾಗಿ ಬರೆಯಬಹುದಿತ್ತು.

ನಿಮ್ಮ
ದೇವೀಂದ್ರಪ್ಪ


ಚಿತ್ತಾಪುರ
೬ ಮಾರ್ಚ್ ೧೯೫೪

ದೇವೀಂದ್ರಪ್ಪನವರೇ,

“ಗೌರವಸ್ಥರೊಬ್ಬರು” ಎಂದಿರಿ. ಕೊಟ್ಟವರ ಹೆಸರು ಹೇಳದ ಅಂಬರಾಯ ಕಳ್ಳನಾದ. ಕೇಳಿದವರ ಹೆಸರು ಹೇಳದ ನೀವು ಏನಾದಿರಿ?

ಕಮಿಟಿಯ ಮಾತು ತೆಗೆದಿರಿ. ಒಳ್ಳೆಯದು. ಹದಿನೆಂಟು ವರ್ಷದ ಹಿಂದೆ, ಕಮಿಟಿ ಎಂಬ ಶಬ್ದ ನಮ್ಮ ಕಡೆ ಇನ್ನೂ ಬಾರದಿದ್ದಾಗ, ಆ ವಸತಿಗೃಹ ಕಟ್ಟಲೆಂದು ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ ಮನೆಗೊಂದು ಮುಷ್ಟಿ ಜೋಳ ಎತ್ತಿದೆವು. ಯಾರ ಮನೆಯ ಮುಷ್ಟಿ ಎಂದು ಕೇಳಿ ಎತ್ತಲಿಲ್ಲ. ದಂಡೋತಿಯ ಅಂಬಿಗರು ಒಂದು ಮಳೆಗಾಲವಿಡೀ ಸೋಮವಾರದ ಹರಿಗೋಲಿನ ಕೂಲಿಯನ್ನು ಕೊಟ್ಟರು. ಅಂಬರಾಯನ ತಂದೆ ಚಂದ್ರಾಮ ಹರಿಗೋಲಿನ ಅಂಚಿಗೆ ಚೀಲ ಕಟ್ಟಿ ದಾಟುವವರಿಗೆಲ್ಲ, “ಇವತ್ತಿನ ಕೂಲಿ ನನಗಲ್ರಿ, ಪಟ್ಟಣದಾಗಿನ ಮನೀಗಿ” ಎನ್ನುತ್ತಿದ್ದ. ಒಬ್ಬ ಸಾಹುಕಾರ, “ನೀ ಎಂದರ ಆ ಮನ್ಯಾಗ ಮಲಗಾಂವೇನೋ?” ಎಂದು ನಕ್ಕಾಗ, “ನಾ ಅಲ್ದಿದ್ರ ನನ್ನ ಮಗಾ ಮಲಗತಾನ್ರಿ” ಎಂದ. ನಾನು ಅದೇ ಹರಿಗೋಲಿನಲ್ಲಿ ಕೂತಿದ್ದೆ. ಆ ಮಗ ಸೋಮವಾರದಂದೇ ಅಲ್ಲಿಂದ ಹೊರಬಿದ್ದ.

ಈಗ ಮುಖ್ಯ ಮಾತು. ಬೆಳ್ಳಿ ಯಾರದೆಂದು ನೀವು ಜಗಳವಾಡಬಹುದು. ಒಳಗಿನ ಲಿಂಗ ಯಾರದು? ಅದನ್ನು ಅಂಬರಾಯನಿಗೆ ನಮ್ಮ ಚಿತ್ತಾಪುರದ ಮಠದಲ್ಲಿ ಗುರುಗಳು ಕಟ್ಟಿದರು, ಕಟ್ಟುವಾಗ ನಾನಿದ್ದೆ. ಅಂಬಿಗನಿಗೆ ಲಿಂಗ ಎಲ್ಲಿಯದು ಎಂದು ನಿಮಗೆ ಅನಿಸಿದ್ದರೆ, ಶರಣರ ಸಾಲಿನಲ್ಲಿ ಅಂಬಿಗನೂ ಕೂತಿದ್ದ ಎಂಬುದನ್ನು ಮರೆತಿದ್ದೀರಿ. ಮುಚ್ಚಳ ತೆರೆದು, ಲಿಂಗವನ್ನು ಅವನ ಅಂಗೈಗೆ ಕೊಟ್ಟು, ಬೆಳ್ಳಿಯನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು. ಯಾಕೆ ಹಾಗೆ ಮಾಡಲಿಲ್ಲ? ಯಾರು ಬೇಡವೆಂದರು?

ದಂಡೋತಿಗೆ ಹೋಗಿ ಅವನ ಅಕ್ಕ ಹೀರಾಬಾಯಿಯನ್ನು ವಿಚಾರಿಸಿದ್ದೇನೆ. ಅನುಮಾನಕ್ಕೆ ಕಾರಣವಿಲ್ಲ.

ಮಡಿವಾಳಯ್ಯ


ಹೈದರಾಬಾದ
೧೦ ಮಾರ್ಚ್ ೧೯೫೪

ಪೂಜ್ಯರಿಗೆ ಶರಣು.

ಹೆಸರು ಬೇಕೆಂದಿರಿ. ಸೇಡಂನ ಅಡತ್ ವ್ಯಾಪಾರಿ ಅಮೃತಪ್ಪನವರು, ನಮ್ಮ ಕಮಿಟಿಯ ಅಧ್ಯಕ್ಷರು. ಕರಡಿಗೆ ಅವರ ತಂದೆಯದು. ನಾಲ್ವತ್ತೆಂಟರ ಗದ್ದಲದಲ್ಲಿ ಮನೆ ಬಿಟ್ಟು ಓಡುವಾಗ ಲಿಂಗದ ಸಮೇತ ಕಳೆದುಹೋಯಿತಂತೆ. “ಒಳಗ ನಮ್ಮಪ್ಪನ ಲಿಂಗ ಅದ, ಯಾರೂ ತೆಗೀಬ್ಯಾಡ್ರಿ” ಎಂದು ಅವರೇ ಹೇಳಿದ್ದರಿಂದ ನಾನು ಮುಚ್ಚಳ ಮುಟ್ಟಲಿಲ್ಲ. ಪೆಟ್ಟಿಗೆಯ ಕೀಲಿಕೈಯನ್ನೂ ಅಂದೇ ಅವರು ತಮ್ಮ ಬಳಿ ಇಟ್ಟುಕೊಂಡರು.

ಚಂದ್ರಾಮನ ಸಂಗತಿ ನನಗೆ ಗೊತ್ತಿರಲಿಲ್ಲ. ನಾನು ಶಹಾಬಾದಿನವನು, ಮುಷ್ಟಿ ಎತ್ತುವಾಗ ಚಿಕ್ಕವನು. ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಅಬ್ದುಲ್ ಸಲಾಂ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿರಿ. ಸತ್ತ ಚಂದ್ರಾಮ ಹದಿನೆಂಟು ವರ್ಷದ ಹಿಂದೆ ಆಡಿದ್ದನ್ನೂ ಬರೆದಿರಿ. ಹೀರಾಬಾಯಿಯನ್ನು ಮೊನ್ನೆ ಮೊನ್ನೆ ಕಂಡು ಬಂದಿದ್ದೀರಿ. ಆಕೆ ಏನೆಂದಳು ಎಂಬುದನ್ನು ಮಾತ್ರ ಬರೆಯಲಿಲ್ಲ.

ದೇವೀಂದ್ರಪ್ಪ


ಚಿತ್ತಾಪುರ
೧೩ ಮಾರ್ಚ್ ೧೯೫೪

ದೇವೀಂದ್ರಪ್ಪನವರೇ,

ಸರಿಯಾಗಿ ಹಿಡಿದಿರಿ. ಹೀರಾಬಾಯಿ ಹೇಳಿದ್ದು: “ಬೆಳ್ಳಿ ನಮಗ ಎಲ್ಲಿಂದ ಬರ್ತದ್ರಿ ಅಪ್ಪಾರ? ಕೊಟ್ಟಾರ. ಯಾರಂತ ಕೇಳಬ್ಯಾಡ್ರಿ, ಕೊಟ್ಟವರಿಗಿ ತ್ರಾಸ ಆಗ್ತದ.” ಅಷ್ಟು ಹೇಳಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ದಂಡೋತಿಯಿಂದ ಚಿತ್ತಾಪುರದ ತನಕ ನಡೆಯುತ್ತ ನಾನೂ ಅಂಬರಾಯನನ್ನು ಅನುಮಾನಿಸಿದೆ. ನಿಮಗೆ ಬರೆಯುವಾಗ ಅದನ್ನು ಬಿಟ್ಟೆ.

ಆದರೆ ನಿಮ್ಮ ಪತ್ರ ಓದಿದ ಮೇಲೆ ನನ್ನ ಅನುಮಾನ ಬೇರೆ ಕಡೆ ತಿರುಗಿದೆ. ಅಮೃತಪ್ಪನ ತಂದೆ ನಾಲ್ವತ್ತೆಂಟರಲ್ಲಿ ಬದುಕಿರಲಿಲ್ಲ. ಅದರ ಹಿಂದಿನ ವರ್ಷದ ಕಾರ್ತಿಕದಲ್ಲಿಯೇ ಲಿಂಗೈಕ್ಯರಾದರು. ಸೇಡಂನಲ್ಲಿ ಸಮಾಧಿಗೆ ನಾನು ಹೋಗಿದ್ದೆ. ನಮ್ಮಲ್ಲಿ ಎಲ್ಲರಿಗೂ ಮಾಡುವಂತೆ, ಕರಡಿಗೆಯಿಂದ ಲಿಂಗ ತೆಗೆದು, ಕೂರಿಸಿದ ದೇಹದ ಎಡ ಅಂಗೈಯಲ್ಲಿಟ್ಟು, ಅದರೊಂದಿಗೇ ಮಣ್ಣು ಮಾಡಿದರು. ಖಾಲಿ ಕರಡಿಗೆಯನ್ನು ತೊಳೆದು ಹೆಂಡತಿ ಗುರುಲಿಂಗಮ್ಮನವರ ಸೆರಗಿಗೆ ಹಾಕಿದರು.

ಹಾಗಿದ್ದರೆ ನಿಮ್ಮ ಪೆಟ್ಟಿಗೆಯಲ್ಲಿರುವುದು ಅಮೃತಪ್ಪನ ತಂದೆಯ ಲಿಂಗವಾಗುವುದು ಹೇಗೆ? ಮಣ್ಣಿಗೆ ಕೈ ಹಾಕಿದವನು ಅಮೃತಪ್ಪನೇ. ಬೇರೆ ಯಾರು ಮರೆತರೂ ಅವನು ಮರೆಯಲಾರ.

ನಾನು ಸೇಡಂಗೆ ಹೋಗಿ ಗುರುಲಿಂಗಮ್ಮನವರನ್ನು ಕಾಣುತ್ತೇನೆ. ನೀವು ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ. ಅಮೃತಪ್ಪ ಆ ಕರಡಿಗೆಯನ್ನು ಮನೆಗೆ ಒಯ್ದನೇ?

ಮಡಿವಾಳಯ್ಯ


ಹೈದರಾಬಾದ
೧೭ ಮಾರ್ಚ್ ೧೯೫೪

ಪೂಜ್ಯ ಅಪ್ಪನವರಿಗೆ,

ಒಯ್ದಿಲ್ಲ.

ನಿಮ್ಮ ಪತ್ರ ಬಂದ ಮಾರನೆಯ ದಿನವೇ ಅಮೃತಪ್ಪನವರು ಬಂದಿದ್ದರು. ಚಹಾ ಕೊಟ್ಟು, “ಸಾವಕಾರ್ರ, ನಿಮ್ಮ ವಸ್ತು ಒಯ್ಯಿರಲ್ಲ” ಎಂದೆ.

“ಇರ್ಲಿ ಬಿಡು.”

“ಒಳಗ ಲಿಂಗ ಅದರಿ. ಪೂಜಿ ಇಲ್ದ ಹಂಗ ಇಡಬಾರದು.”

“ನನಗ ಶಾಸ್ತ್ರ ಕಲಸ್ತೇನು? ಆ ಮಾತು ಇನ್ನ ಯಾರ ಮುಂದೂ ತೆಗೀಬ್ಯಾಡ. ಹೆಂಡತಿಗಿ ಆರಾಮಾದ್ರ ಅಂವ ಊರಿಗಿ ಹೋಗ್ತಾನ. ಎಲ್ಲಾ ತಣ್ಣಗ ಆಗ್ತದ.”

ಚಹಾ ಕುಡಿಯದೆ ಎದ್ದರು. ಕಳೆದ ವಸ್ತು ಸಿಕ್ಕರೂ ಮನೆಗೆ ಒಯ್ಯದ ಮನುಷ್ಯನನ್ನು ನಾನು ಇದೇ ಮೊದಲು ನೋಡಿದೆ. ತಂದೆಯ ಲಿಂಗವೆಂದರೆ ಮಗನಾದವನು ಆ ಕ್ಷಣವೇ ಎದೆಗೆ ಒತ್ತಿಕೊಳ್ಳುವುದಿಲ್ಲವೇ?

ಅಂದು ಸಂಜೆಯೇ ಗಲ್ಲಿಗೆ ಹೋದೆ. ಅಬ್ದುಲ್ ಸಲಾಂ ಬಾಗಿಲಲ್ಲಿ ಮಂಚದ ಹಗ್ಗ ಬಿಗಿಯುತ್ತಿದ್ದ. “ಬರ್ರಿ ಮೆನೇಜರ್ ಸಾಬ್, ಕುಂದ್ರಿ. ನಮ್ಮಲ್ಲಿ ಹಲಗಿ ಇಲ್ಲ, ನಿಯಮ ಇಲ್ಲ. ತಗಣಿ ಅವ, ಖರೆ ಅವು ಯಾರ ಕುಲಾನೂ ಕೇಳಂಗಿಲ್ಲ” ಎಂದ. ನಾನು ನಗಲಿಲ್ಲ. ಬಾಡಿಗೆ ಯಾರು ಕೊಡುತ್ತಾರೆ ಎಂದು ಕೇಳಿದೆ. ಅವನು ಹಗ್ಗ ಕೆಳಗೆ ಬಿಟ್ಟ. “ನಾಲ್ವತ್ತೆಂಟರ ಭಾದ್ರಪದದಾಗ, ಗದ್ದಲ ನಮ್ಮ ಮಂದಿ ಮ್ಯಾಲ ತಿರುಗಿದಾಗ, ನಮ್ಮವ್ವನ್ನ, ತಂಗೇರನ್ನ ಹೊಳಿ ಆ ದಂಡಿಯಿಂದ ಈ ದಂಡಿಗಿ ತಂದಾಂವ ಇಂವ. ಅಂವ ಅವತ್ತು ಬಾಡಿಗಿ ಕೇಳಿದ್ನೇನ್ರಿ?” ಎಂದ. ನಿಮಗೆ ಬರೆದ ಮೊದಲ ಪತ್ರದ ಕೆಲವು ಸಾಲುಗಳು ನನಗೆ ಆಗ ನೆನಪಾದವು.

ಅಂಬರಾಯ ಒಳಗೆ ಗೋಡೆಗೆ ಒರಗಿದ್ದ. ಕೆನ್ನೆ ಒಳಗೆ ಹೋಗಿವೆ. ದಿನಕ್ಕೊಂದು ಲೋಟ ಹಾಲು, ಅಷ್ಟೇ. ಕೊರಳಿಗೆ ಟವೆಲ್ ಸುತ್ತಿಕೊಂಡಿದ್ದ, ಈ ಸೆಕೆಯಲ್ಲಿ. ಅಂಬುಬಾಯಿಗೆ ಏನೂ ಗೊತ್ತಿಲ್ಲವಂತೆ. ಬರಿ ಕೊರಳು ಕಂಡರೆ ಹೊಲಿಗೆ ಮಾಯದ ಹೊಟ್ಟೆಯಲ್ಲಿಯೇ ಎದ್ದು ಕೂರುತ್ತಾಳೆ ಎಂದು, ಗಂಟಲು ಬೇನೆ ಎಂದು ಹೇಳಿದ್ದಾನೆ. ಮೊನ್ನೆ ಅವಳಿಗೆ ಗಂಜಿ ಒಯ್ಯುವಾಗ ದವಾಖಾನೆಯ ಮೆಟ್ಟಿಲ ಮೇಲೆ ಬಿದ್ದನಂತೆ. ಅದಕ್ಕೂ ಅವಳಿಗೊಂದು ಸುಳ್ಳು.

“ಮಠಕ್ಕ ಹೋಗೋಣ ನಡಿ, ಬ್ಯಾರೆ ಲಿಂಗ ಕಟ್ಟಿಸ್ತೀನಿ. ಆಮ್ಯಾಲ ಉಣ್ಣು” ಎಂದೆ.

“ನನ್ನ ಲಿಂಗ ಕಳದಿಲ್ರಿ. ನಿಮ್ಮ ಪೆಟ್ಟಿಗ್ಯಾಗ ಅದ. ಇದ್ದದ್ದು ಬಿಟ್ಟು ಮತ್ತೊಂದು ಕಟಗೊಂಡ್ರ, ಅದು ಕದ್ದದ್ದೇ ಅಂತ ನಾ ಒಪ್ಪಿದಂಗ.”

“ಹಂಗಾರ ಕೊಟ್ಟವರ ಹೆಸರು ಹೇಳು ಮಾರಾಯ! ಉಣ್ಣಾಕ ಬರ್ತದ.”

“ಆಣಿ ಅದರಿ” ಎಂದು ಕಣ್ಣು ಮುಚ್ಚಿದ.

ಅಪ್ಪಾರ, ಬೀಗ ಒಡೆಯಬೇಕೆಂದು ಎರಡು ಸಲ ಪೆಟ್ಟಿಗೆಯ ಮುಂದೆ ನಿಂತೆ. ಕೀಲಿಕೈ ಅವರ ಬಳಿ ಇದೆ. ನನ್ನ ನೌಕರಿಯೂ ಅವರ ಕೈಯಲ್ಲಿದೆ, ಈ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಸಂಸಾರವೂ ಇದೆ. ಬೇಗ ಬರೆಯಿರಿ.

ದೇವೀಂದ್ರಪ್ಪ


ಚಿತ್ತಾಪುರ
೨೨ ಮಾರ್ಚ್ ೧೯೫೪

ದೇವೀಂದ್ರಪ್ಪ,

ಈ ಪತ್ರ ನಿಮಗೆ ಬರೆದದ್ದು, ಆದರೆ ನಿಮ್ಮೊಬ್ಬರಿಗಲ್ಲ. ಇದರ ಪ್ರತಿಗಳನ್ನು ಶಹಾಬಾದ, ವಾಡಿ, ಚಿಂಚೋಳಿಯ ಕಮಿಟಿ ಸದಸ್ಯರಿಗೂ, ಸೇಡಂನ ಅಮೃತಪ್ಪನವರಿಗೂ ಕಳಿಸಿದ್ದೇನೆ.

ನಿನ್ನೆ ಸೇಡಂಗೆ ಹೋಗಿದ್ದೆ. ಅಮೃತಪ್ಪ ಅಡತ್ ಅಂಗಡಿಯಲ್ಲಿದ್ದ. ಗುರುಲಿಂಗಮ್ಮನವರು ಪಡಸಾಲೆಯಲ್ಲಿ ಕೂತು ಬೇಳೆ ಆರಿಸುತ್ತಿದ್ದರು. “ಬರ್ರಿ ಅಯ್ಯನೋರ, ಕುಂದ್ರಿ. ಭಾಳ ದಿನಕ್ಕ ಬಂದ್ರಿ” ಎಂದರು. ಕರಡಿಗೆಯ ಮಾತು ತೆಗೆದ ಕೂಡಲೇ ಮೊರವನ್ನು ಪಕ್ಕಕ್ಕಿಟ್ಟರು. ಅವರು ಹೇಳಿದ್ದನ್ನು ಈ ಸಲ ಏನೂ ಬಿಡದೆ ಬರೆಯುತ್ತಿದ್ದೇನೆ.

“ಶ್ರಾವಣದಾಗ ಊರು ಬಿಟ್ಟು ಹೊಂಟಿದ್ದೆವ್ರಿ. ಕಾಗಿಣಾ ಹೊಳಿ ದಂಡಿ ತುಂಬಿ ಹರೀಲಿಕತ್ತಿತ್ತು. ದಂಡೋತಿ ಕಡವಿನ್ಯಾಗ ಯಾರೂ ಹರಗೋಲು ಇಳಸಾಕ ಒಲ್ರು. ಈ ಅಂಬರಾಯ ಒಬ್ಬಾಂವ ಇಳಸ್ದ. ನನ್ನ ಮಗಾ ನಡಾ ಹೊಳ್ಯಾಗ ನನ್ನ ಸೆರಗು ಹಿಡಕೊಂಡು ಕಣ್ಣು ಮುಚ್ಚಿ ಕುಂತಿದ್ದ, ಅವನಿಗಿ ನೆನಪಿಲ್ಲೇನೋ. ದಂಡಿಗಿ ಬಂದ ಮ್ಯಾಲ ನೋಡ್ತೀನಿ, ಅಂಬರಾಯ ಲಿಂಗ ಅರಿವ್ಯಾಗ ಕಟಗೊಂಡಾನ, ಅರಿವಿ ತೊಯ್ದು ಹರದದ. ನಮ್ಮ ಯಜಮಾನ್ರ ಕರಡಿಗಿ ನನ್ನ ಗಂಟಿನ್ಯಾಗಿತ್ತು. ಲಿಂಗ ಇಲ್ದ ಕರಡಿಗಿ ನನ್ನ ಕಡಿ, ಕರಡಿಗಿ ಇಲ್ದ ಲಿಂಗ ಅವನ ಕಡಿ. ಒಲ್ಲೆ ಅಂದ್ರೂ ಬಿಡ್ಲಿಲ್ಲ, ಕೊಟ್ಟೆ. ಮಗನಿಗಿ ಗೊತ್ತಾದ್ರ ಮನ್ಯಾಗ ನನಗ ಉಳಗಾಲ ಇಲ್ಲ, ನನ್ನ ಹೆಸರು ಎಲ್ಲೂ ತೆಗೀಬ್ಯಾಡ ಅಂತ ನಾನೇ ಆಣಿ ಹಾಕಿಸೀನಿ.”

“ಮಗನಿಗೆ ಇನ್ನೂ ಗೊತ್ತಿಲ್ಲವೇ?” ಎಂದು ಕೇಳಿದೆ.

“ಗೊತ್ತಿಲ್ದೇನು? ಶಿವರಾತ್ರಿ ಹಿಂದಿನ ದಿನ ಬಂದು ತಾನೇ ಕೇಳಿದ. ಹೌದು, ಕೊಟ್ಟೀನಿ ಅಂದೆ. ಅಂಬಿಗನ ಕೊರಳಾಗ ನಮ್ಮಪ್ಪನ ಕರಡಿಗಿ ಹಾಕಿ ನನ್ನ ಮಾನ ಕಳದಿ ಅಂದ. ಬೈಲಿ, ಮಗಾ ಅಲ್ಲೇನು. ಅಂವ ಹೈದರಾಬಾದಿಗಿ ಹ್ವಾದ ಮ್ಯಾಲ ಅದನ್ನ ಅಂಬರಾಯಗ ತಿರುಗಿ ಕೊಟ್ಟಿರ್ತಾನ ಅಂತ ತಿಳದಿದ್ದೆ...” ಎಂದವರು ನನ್ನ ಮುಖ ನೋಡಿದರು. “ಕೊಟ್ಟಿಲ್ಲೇನ್ರಿ?”

ನಾನು ತಲೆ ಅಲ್ಲಾಡಿಸಿದೆ. ಅಂಬರಾಯ ಅಂದಿನಿಂದ ಉಂಡಿಲ್ಲ ಎಂದು ಹೇಳಿದೆ. ಮುದುಕಿ ಮೊರದ ಬೇಳೆಯನ್ನೆಲ್ಲ ಡಬ್ಬಿಗೆ ಸುರಿದು ಎದ್ದರು. ಆಮೇಲೆ, “ನಾ ಹಾಕಿದ ಆಣಿ ನಾನೇ ಬಿಡಸ್ತೀನಿ. ಬಾಯಿಲೆ ಹೇಳಿ ಕಳಸಂಗಿಲ್ಲ, ನನ್ನ ಕರಕೊಂಡು ನಡೀರಿ” ಎಂದರು.

ಆದ್ದರಿಂದ ನಾವಿಬ್ಬರೂ ಬರುತ್ತಿದ್ದೇವೆ. ಮುಂದಿನ ಸೋಮವಾರ, ಇಪ್ಪತ್ತೊಂಬತ್ತರಂದು, ಮಧ್ಯಾಹ್ನದ ಪಂಕ್ತಿಯ ಹೊತ್ತಿಗೆ. ಅಂದೇ ಕಮಿಟಿಯ ಸಭೆ ಇದೆ ಎಂದು ತಿಳಿದಿದ್ದೇನೆ. ಅದಕ್ಕೂ ಮೊದಲು, ಈ ಪತ್ರ ಮುಟ್ಟಿದ ದಿನವೇ, ಅಂಬರಾಯನ ಬಳಿಗೆ ಹೋಗಿ ಗುರುಲಿಂಗಮ್ಮನವರು ಬರುತ್ತಿದ್ದಾರೆ ಎಂದು ಹೇಳಿ. ಹಾಲನ್ನಾದರೂ ಎರಡು ಹೊತ್ತು ಕುಡಿಯಲಿ.

ಅಷ್ಟರೊಳಗೆ ಕರಡಿಗೆಯನ್ನು ಸುಮ್ಮನೆ ಗಲ್ಲಿಗೆ ಕಳಿಸಿ ಮುಗಿಸೋಣ ಎಂದು ಯಾರಾದರೂ ಯೋಚಿಸಿದರೆ, ಅದು ನಡೆಯದು. ಹಾಗೆ ಬಂದದ್ದನ್ನು ಅಂಬರಾಯ ಮುಟ್ಟುವುದಿಲ್ಲ. ಮುಟ್ಟಿದರೆ ಕಳ್ಳನನ್ನು ಕ್ಷಮಿಸಿದೆವು ಎಂದು ನಾಳೆ ನೀವೇ ಹೇಳುತ್ತೀರಿ. ಪಂಕ್ತಿಯಲ್ಲಿ ಕಳಚಿದ್ದನ್ನು ಪಂಕ್ತಿಯಲ್ಲಿಯೇ ಕಟ್ಟಬೇಕು.

ದೇವೀಂದ್ರಪ್ಪ, ಕೀಲಿಕೈ ಅವರ ಬಳಿ ಇದೆ ಎಂದು ಬರೆದಿರಿ. ಬಾಯಿ ನಿಮ್ಮ ಬಳಿಯೇ ಇದೆ. ಅಂದು ಎಲೆ ಹಾಕುವ ಮೊದಲು ಈ ಪತ್ರವನ್ನು ಗಟ್ಟಿಯಾಗಿ ಓದಿರಿ. ನಿಮ್ಮಿಂದಾಗದಿದ್ದರೆ ನಾನೇ ಓದುತ್ತೇನೆ, ಆದರೆ ಆಗ ಇದರಲ್ಲಿ ನಿಮ್ಮ ಹೆಸರಿನ ಮುಂದೆಯೂ ಒಂದು ಪ್ರಶ್ನೆ ಇರುತ್ತದೆ.

ಅಮೃತಪ್ಪನವರೇ, ನೀವೂ ಇದನ್ನು ಓದುತ್ತಿದ್ದೀರಿ. “ಅದು ನಮ್ಮ ಮನೀದು” ಎಂದು ನೀವು ಮೊದಲ ದಿನ ಅಂದದ್ದು ತಿಳಿಯದೆ ಆಡಿದ ಮಾತು ಎಂದು ಒಪ್ಪೋಣ. ಒಳಗೆ ತಂದೆಯ ಲಿಂಗವಿದೆ ಎಂದದ್ದು? ನಿಮ್ಮ ಕೈಯಾರೆ ಅದರ ಮೇಲೆ ಮಣ್ಣು ಹಾಕಿದವರು ನೀವು. ಅದಾದ ವಾರದ ಮೇಲೆ, ಶಿವರಾತ್ರಿಯ ಹಿಂದಿನ ದಿನ, ತಾಯಿಯ ಬಾಯಿಂದಲೇ ನಿಜ ಕೇಳಿದ ಮೇಲೂ ಕೀಲಿಕೈ ಹಿಡಿದುಕೊಂಡು, ನಿಮ್ಮನ್ನು ಹೊಳೆ ದಾಟಿಸಿದವನು ಉಪವಾಸ ಬೀಳುವುದನ್ನು ನೋಡುತ್ತ ಯಾಕೆ ಕೂತಿರಿ? ತಣ್ಣಗಾಗಲಿ ಎಂದಿರಲ್ಲ, ಏನು ತಣ್ಣಗಾಗಬೇಕಿತ್ತು?

ಮನೆಯ ಒಳಕೋಣೆಯಲ್ಲಿ ಕೊಡುವ ಉತ್ತರ ನನಗೆ ಬೇಡ. ಸೋಮವಾರ, ಅಂಬಿಗರ ಸೋಮವಾರದ ಕೂಲಿಯಿಂದ ಎದ್ದ ಆ ಮನೆಯಲ್ಲಿ, ಚಾಪೆಯವರು, ಕೋಣೆಯವರು, ಕಮಿಟಿಯವರು, ನಿಮ್ಮ ತಾಯಿ, ಎಲ್ಲರೂ ಕೂತಿರುವಾಗ ಎದ್ದು ನಿಂತು ಹೇಳಿರಿ: ಆ ಪೆಟ್ಟಿಗೆಯಲ್ಲಿರುವ ಲಿಂಗ ಯಾರದು?

ಮಡಿವಾಳಯ್ಯ